ಬೆರಳೆತ್ತಿದವರ ಪಟ್ಟಿ

ಮಿಲ್ ಓಣಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ವರ್ಷಕ್ಕೊಮ್ಮೆ ಸಂಶೋಧನಾ ಸಂಸ್ಥೆಯ ಬಿಳಿ ವ್ಯಾನಿನಲ್ಲಿ ಬಂದು ಮಗ್ಗದ ಕೆಲಸಗಾರರ ಕಿವಿ ಪರೀಕ್ಷೆ ಮಾಡಿಕೊಂಡು ಹೋಗುತ್ತಿದ್ದಳು, ಅದಕ್ಕೇ ‘ಕಿವಿ ಮೇಡಂ’ ಎಂದು ಕರೆದರು. ಕರೆದದ್ದು ನಿಂತುಬಿಟ್ಟಿತು. ಸಂಸ್ಥೆಯ ಗೇಟಿನ ಕಾವಲುಗಾರನೂ ಕೊನೆಕೊನೆಗೆ ಹಾಗೇ ಕರೆಯತೊಡಗಿದ್ದ.

ಅವಳ ಅಪ್ಪ ಗೋಡೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಚಿಕ್ಕಂದಿನಲ್ಲೇ ಕಣ್ಣುಮುಚ್ಚಿ ಕೂತು ಯಾವ ಗಡಿಯಾರ ಹಿಂದೆ ಬೀಳುತ್ತಿದೆ ಎಂದು ಹೇಳುತ್ತಿದ್ದಳಂತೆ. ಆ ಕಿವಿಯೇ ಅವಳಿಗೆ ಅನ್ನ ಕೊಟ್ಟಿತು. ಸಂಸ್ಥೆಯ ಶ್ರವಣ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ತಂತ್ರಜ್ಞೆಯಾಗಿ ದುಡಿದಳು. ಮದುವೆಯಾಗಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯೂ ಅವಳೂ ಒಂದೇ ಮನೆಯಲ್ಲಿ, ಒಬ್ಬರಿಗೊಬ್ಬರು ಎಂದು ಇದ್ದರು. ಅತ್ತಿಗೆಯ ಬಾಯಿ ಸ್ವಲ್ಪ ಚುರುಕು, ಮನಸ್ಸು ಮೆತ್ತಗೆ.

ಒಂದು ವರ್ಷ ಸಂಸ್ಥೆಗೆ ಅನುದಾನ ಕೊಡುವವರಿಂದ ಕಾಗದ ಬಂತು. ನೀವು ಮಾಡುವ ಸಂಶೋಧನೆಯಿಂದ ಸಮಾಜಕ್ಕೆ ಏನು ಪ್ರಯೋಜನ? ಅದನ್ನು ಮೊದಲೇ ಯೋಚಿಸಿ, ನಡುವೆ ಗಮನಿಸಿ, ಕೊನೆಯಲ್ಲಿ ಅಳೆದು ತೋರಿಸಿ ಎಂದು. ಆಗ ಸಂಸ್ಥೆಯವರು ಮಗ್ಗದ ಗದ್ದಲದಿಂದ ಕಿವಿ ಕಾಯಲು ಮೆತ್ತನೆಯ ರಬ್ಬರಿನ ಬಿರಡೆಯೊಂದನ್ನು ಕಂಡುಹಿಡಿದಿದ್ದರು. ಅದನ್ನು ಮಿಲ್ಲಿನ ಕೆಲಸಗಾರರಿಗೆ ಹಂಚಿ, ನಾಲ್ಕು ವರ್ಷ ಪರೀಕ್ಷೆ ಮಾಡಿ, ಕಿವಿ ಉಳಿಯಿತು ಎಂದು ತೋರಿಸುವುದು ಎಂದಾಯಿತು. ಕಾರಿಡಾರಿನ ಕೊನೆಯ ಕೋಣೆಗೆ ‘ಸಾಮಾಜಿಕ ಪರಿಣಾಮ ವಿಭಾಗ’ ಎಂದು ಬೋರ್ಡು ಬಿತ್ತು. ಒಂದು ಮೇಜು, ಒಂದು ಕಬ್ಬಿಣದ ಬೀರು. ಓಣಿಯ ಜನರ ಜೊತೆ ಹೊಂದಿಕೊಂಡು ಹೋಗುತ್ತಾಳೆ ಎಂದು ನಿರ್ದೇಶಕರು ಅವಳನ್ನೇ ಅಲ್ಲಿ ಕೂರಿಸಿದರು. ಯೋಜನೆ ಬರೆಯುವವಳು ಅವಳೇ, ನಡೆಸುವವಳು ಅವಳೇ, ಕೊನೆಗೆ ಮೌಲ್ಯಮಾಪನ ಮಾಡುವವಳೂ ಅವಳೇ.

“ಅಡುಗೆ ಮಾಡೋದೂ ನೀನೇ, ಬಡಿಸೋದೂ ನೀನೇ, ಊಟ ಚೆನ್ನಾಗಿತ್ತು ಅಂತ ಬರೆದುಕೊಡೋದೂ ನೀನೇನಾ? ಒಳ್ಳೇ ಕೆಲಸ ಬಿಡು” ಎಂದು ಅತ್ತಿಗೆ ನಕ್ಕಳು. ಅವಳೂ ನಕ್ಕಳು.

ಮಿಲ್ಲಿನವರ ಜೊತೆಗಿನ ಒಪ್ಪಂದವನ್ನು ಅವಳೇ ಬರೆದಳು. ಅದರಲ್ಲಿ ಒಂದು ಸಾಲಿತ್ತು: ‘ಕೆಲಸಗಾರರ ಹಿತದೃಷ್ಟಿಯಿಂದ ಪರೀಕ್ಷೆಯ ಫಲಿತಾಂಶವನ್ನು ಮಿಲ್ಲಿನ ಆಡಳಿತಕ್ಕೂ ಕೊಡಲಾಗುವುದು.’ ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಳು. ಕಿವಿ ಹಾಳಾದವರನ್ನು ಸದ್ದು ಕಡಿಮೆ ಇರುವ ಕಡೆ ಹಾಕಲಿ ಎಂದು.

ಮೊದಲ ವರ್ಷ ಪಟ್ಟಿ ಹೋಯಿತು. ಹನ್ನೊಂದು ಜನರ ಕಿವಿ ತೀರಾ ಹದಗೆಟ್ಟಿತ್ತು. ಆಮೇಲೆ ಮಿಲ್ಲಿನ ಮ್ಯಾನೇಜರು ಫೋನಿನಲ್ಲಿ, “ಆ ಹನ್ನೊಂದು ಜನಕ್ಕೆ ಬೇರೆ ವ್ಯವಸ್ಥೆ ಆಯ್ತು ಮೇಡಂ, ಅವರ ಒಳ್ಳೇದಕ್ಕೇ” ಎಂದರು. ಏನು ವ್ಯವಸ್ಥೆ ಎಂದು ಅವಳು ಕೇಳಲಿಲ್ಲ. ಕಾಗದದಲ್ಲಿ ‘ಸೂಕ್ತ ವ್ಯವಸ್ಥೆ ಮಾಡಲಾಗಿದೆ’ ಎಂದು ಬರೆದುಕೊಂಡಳು.

ಎರಡನೇ ವರ್ಷದಿಂದ ಅಂಕಿಗಳು ಏರತೊಡಗಿದವು. ಕಿವಿ ಕೆಡದೆ ಉಳಿದದ್ದಷ್ಟೇ ಅಲ್ಲ, ಎಷ್ಟೋ ಜನಕ್ಕೆ ಮೊದಲಿಗಿಂತ ಚೆನ್ನಾಗಿ ಕೇಳತೊಡಗಿತು. ಸತ್ತ ಕಿವಿ ಬದುಕುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಆದರೂ ಮೊದಲ ವರ್ಷ ಅವರು ಹೆದರಿಕೊಂಡಿದ್ದರೇನೋ ಎಂದು ಸಮಾಧಾನ ಹೇಳಿಕೊಂಡಳು. ನಾಲ್ಕನೇ ವರ್ಷಕ್ಕೆ ನಿರ್ದೇಶಕರ ಮುಖ ಅರಳಿತ್ತು. ಸಂಸ್ಥೆಯ ಹೆಸರು ದೊಡ್ಡ ಪ್ರಶಸ್ತಿಯ ಪಟ್ಟಿಗೆ ಹೋಗಿತ್ತು.

“ಅಂಕಿ ಸಾಕು, ಒಬ್ಬ ಮನುಷ್ಯರ ಕಥೆ ಬೇಕು. ಓದಿದವರ ಕಣ್ಣು ತುಂಬಬೇಕು ನೋಡಿ” ಎಂದರು.

ಅವಳು ಕಡತ ತೆಗೆದು ಎಲ್ಲರಿಗಿಂತ ಹೆಚ್ಚು ಸುಧಾರಿಸಿದವರು ಯಾರೆಂದು ನೋಡಿದಳು. ಗಂಟಕ್ಕ. ಹರಿದ ಎಳೆಗೆ ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕುತ್ತಿದ್ದ ಹೆಂಗಸು, ಅದಕ್ಕೇ ಆ ಅಡ್ಡಹೆಸರು. ಮೊದಲ ವರ್ಷ ಆ ಹನ್ನೊಂದು ಜನರ ಸಾಲಿಗೆ ಸೇರದೆ ಸ್ವಲ್ಪದರಲ್ಲಿ ಉಳಿದಿದ್ದಳು. ಈಗ ನೋಡಿದರೆ ಹದಿನೆಂಟರ ಹುಡುಗಿಯ ಕಿವಿ.

ಓಣಿ ಉದ್ದಕ್ಕೆ, ಇಕ್ಕಟ್ಟಾಗಿತ್ತು. ಎರಡೂ ಕಡೆ ಒಂದಕ್ಕೊಂದು ಆತುಕೊಂಡ ಮನೆಗಳು, ಮಿಲ್ಲಿನ ಗದ್ದಲಕ್ಕೆ ಕಿಟಕಿಯ ಗಾಜುಗಳು ಸದಾ ಗುಂಯ್‌ಗುಡುತ್ತಿದ್ದವು. ಗಂಟಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಒಬ್ಬ ಹೆಂಗಸು ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ಮೂವತ್ತರ ಆಸುಪಾಸು, ಬಾಯಲ್ಲಿ ಎರಡು ಗುಂಡುಪಿನ್ನು. ಗಂಟಕ್ಕನ ಮಗಳು. ಓಣಿಯ ಟೈಲರು.

“ಅಮ್ಮ ಇದ್ದಾರಾ?” ಎಂದು ಕೇಳಿದಳು ಕಿವಿ ಮೇಡಂ.

ಮಗಳು ಪಿನ್ನುಗಳನ್ನು ತೆಗೆದು ದಿಂಬಿಗೆ ಚುಚ್ಚಿದಳು. “ಅಮ್ಮ ಹೋಗಿ ಎಂಟು ತಿಂಗಳಾಯ್ತು.”

“ಎಲ್ಲಿಗೆ?” ಬಾಯಿ ತಪ್ಪಿ ಬಂದುಬಿಟ್ಟಿತು. ಬಂದ ಕೂಡಲೇ ಅವಳಿಗೆ ಅರ್ಥವಾಯಿತು.

ಮಗಳು ಒಂದು ಸ್ಟೂಲು ಎಳೆದು ಕೊಟ್ಟು ನಡೆದದ್ದನ್ನು ಹೇಳಿದಳು. ಸಂಜೆ ಪಾಳಿ ಬಿಟ್ಟಿತ್ತು. ಹಿಂದಿನ ಗೇಟಿನ ಹತ್ತಿರ ಬಟ್ಟೆ ಮೂಟೆ ತುಂಬಿದ ಲಾರಿ ಹಿಂದಕ್ಕೆ ಬರುತ್ತಿತ್ತು. ಡ್ರೈವರ್ ಹಾರ್ನ್ ಒತ್ತಿದ, ಹಿಂದೆ ನಿಂತಿದ್ದ ಕ್ಲೀನರ್ ಗಂಟಲು ಹರಿಯುವ ಹಾಗೆ ಕೂಗಿದ. ಅಮ್ಮ ತಿರುಗಲೇ ಇಲ್ಲ. ಚೀಲದಲ್ಲಿ ಏನೋ ಹುಡುಕುತ್ತಾ ನಿಂತೇ ಇದ್ದಳು.

“ಆದರೆ ಅವರಿಗೆ ಚೆನ್ನಾಗಿ ಕೇಳ್ತಿತ್ತಲ್ಲ…”

“ವಿಚಾರಣೆಯವರೂ ಅದನ್ನೇ ಅಂದರು. ಮಿಲ್ಲಿನವರು ನಿಮ್ಮ ಕಾಗದ ತೋರಿಸಿದರು. ಕಿವಿ ಸರಿಯಾಗಿತ್ತು, ಅವರದೇ ಅಜಾಗರೂಕತೆ ಅಂತ ಬರೆದು ಮುಗಿಸಿದರು. ಕೆಳಗಡೆ ನಿಮ್ಮ ಸಹಿ ಇತ್ತು.” ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. “ಮೇಡಂ, ನಮ್ಮಮ್ಮನಿಗೆ ಕೇಳ್ತಿರಲಿಲ್ಲ. ಮನೇಲಿ ಕರೀಬೇಕಾದರೆ ನೆಲಕ್ಕೆ ಕಾಲು ಬಡೀತಿದ್ವಿ, ಅದುರು ಗೊತ್ತಾಗಿ ತಿರುಗೋರು.”

“ನಾನೇ ಪರೀಕ್ಷೆ ಮಾಡಿದೀನಿ. ವ್ಯಾನಿನಲ್ಲಿ ಗಾಜಿನ ಈಚೆ ಕೂತು ನಾನು ಗುಂಡಿ ಒತ್ತಿ ಸದ್ದು ಕಳಿಸಿದಾಗಲೆಲ್ಲ ಬೆರಳೆತ್ತಿದಾರೆ.”

ಮಗಳು ಎದ್ದು ಅವಳ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಳು. ಬೆನ್ನು ನೆಟ್ಟಗೆ ಮಾಡಿದಳು. ಗದ್ದವನ್ನು ಒಂದಿಷ್ಟು ಒಳಗೆಳೆದುಕೊಂಡಳು, ಬಲಭುಜ ಕೂದಲೆಳೆಯಷ್ಟು ಮೇಲೆದ್ದಿತು, ಎಡ ರೆಪ್ಪೆ ಒಮ್ಮೆ ಅದುರಿತು, ಕೆಳಗೆ ಇಲ್ಲದ ಗುಂಡಿಯನ್ನು ಬೆರಳು ಒತ್ತಿತು. ಭುಜ ಇಳಿಯಿತು.

ಕಿವಿ ಮೇಡಂ ಸ್ಟೂಲನ್ನು ಹಿಂದಕ್ಕೆ ಸರಿಸಿದಳು. ಕನ್ನಡಿಯಲ್ಲೂ ಕಾಣದ ತನ್ನನ್ನು ಬೇರೆ ಯಾರೋ ತೊಟ್ಟುಕೊಂಡು ಎದುರಿಗೆ ಕೂತಂತಿತ್ತು.

“ಇದು ನೀವು. ಗಾಜಿನ ಆಚೆಯಿಂದ ಅಮ್ಮ ನಿಮ್ಮ ಭುಜ ನೋಡ್ತಿದ್ದರು. ಮೊದಲ ವರ್ಷ ಪಕ್ಕದ ಮಗ್ಗದವಳನ್ನ ಮನೆಗೆ ಕಳಿಸಿದರಲ್ಲ, ಅವತ್ತಿಂದ ಶುರು. ಮನೇಲಿ ನಾನು ನಿಮ್ಮ ಹಾಗೆ ಕೂರೋದು, ಅವರು ಬೆರಳೆತ್ತೋದು. ಆಮೇಲೆ ಓಣಿಗೆಲ್ಲ ಕಲಿಸಿದರು. ಇಲ್ಲಿ ಯಾವ ಹೆಂಗಸನ್ನ ಬೇಕಾದರೂ ಕೇಳಿ, ನಿಮ್ಮನ್ನ ಮಾಡಿ ತೋರಿಸ್ತಾಳೆ.”

“ಮನೆಗೆ ಕಳಿಸಿದರಾ? ಬೇರೆ ವ್ಯವಸ್ಥೆ ಅಂದಿದ್ದರು…”

“ಮನೇನೇ ಆ ವ್ಯವಸ್ಥೆ.”

“ಮತ್ತೆ ಬಿರಡೆ? ಅದನ್ನಾದರೂ ಹಾಕ್ಕೊಳ್ತಿದ್ದರಾ?”

ಆ ಮಾತಿಗೆ ಮಗಳು ಮೊದಲ ಸಲ ನಕ್ಕಳು. ಬಿರಡೆ ಹಾಕಿಕೊಂಡರೆ ಮಗ್ಗದ ಲಯ ತಪ್ಪಿದ್ದು ತಿಳಿಯುವುದಿಲ್ಲ, ಎಳೆ ಹರಿದರೆ ಬಟ್ಟೆ ಹಾಳು. ಅದಕ್ಕೇ ಯಾರೂ ಹಾಕುತ್ತಿರಲಿಲ್ಲ. ಅಲುಗಾಡುವ ಮೇಜಿನ ಕಾಲಿಗೆ, ಬಡಿದುಕೊಳ್ಳುವ ಕಿಟಕಿಯ ಸಂದಿಗೆ, ಎಣ್ಣೆ ಸೀಸೆಯ ಬಾಯಿಗೆ, ಎಲ್ಲಕ್ಕೂ ಸಂಸ್ಥೆಯ ಬಿರಡೆ. “ಬಲು ಉಪಯೋಗಕ್ಕೆ ಬಂತು ಮೇಡಂ, ಹಾಗಂತ ಬರ್ಕೊಳ್ಳಿ” ಎಂದಳು.

ಅಂದಿನಿಂದ ಅವಳಿಗೆ ನೆಮ್ಮದಿ ಎನ್ನುವುದು ಹೋಯಿತು. ಬೀರಿನ ಬಾಗಿಲು ತೆಗೆಯಲು ಕೈ ಎತ್ತಿದರೆ ಭುಜದ ಮೇಲೆ ಯಾರದೋ ಕಣ್ಣು ನೆಟ್ಟಂತೆ. ಬಸ್ಸಿನಲ್ಲಿ ಎದುರಿಗೆ ಕೂತ ಹೆಂಗಸು ಸುಮ್ಮನೆ ತಲೆ ಕೆರೆದುಕೊಳ್ಳಲು ಬೆರಳೆತ್ತಿದರೂ ಎದ್ದು ಸೀಟು ಬದಲಿಸುತ್ತಿದ್ದಳು. ಹಾಡುಹಗಲಲ್ಲಿ, ಕಚೇರಿಯ ಫ್ಯಾನು ನಿಂತ ಕ್ಷಣದಲ್ಲಿ, ತೆಳ್ಳಗೆ ಕುಂಯ್ ಎನ್ನುವ ಆ ಪರೀಕ್ಷೆಯ ಸದ್ದು ಕೇಳುತ್ತಿತ್ತು. ಮಿಷನ್ ಬಂದ್ ಆಗಿರುತ್ತಿತ್ತು, ಎದ್ದು ಹೋಗಿ ಪ್ಲಗ್ ಮುಟ್ಟಿ ನೋಡಿ ಬರುತ್ತಿದ್ದಳು. ಪರೀಕ್ಷೆಯ ಕೋಣೆಯ ಗಾಜಿನಲ್ಲಿ ತನ್ನ ನೆರಳಿನ ಪಕ್ಕಕ್ಕೆ ಒಂದು ಬೆರಳು ನಿಧಾನಕ್ಕೆ ಮೇಲೇಳುತ್ತದೆ ಎಂದು ಅನ್ನಿಸಿ ಆ ಕಡೆ ನೋಡುವುದನ್ನೇ ಬಿಟ್ಟಳು.

“ಯಾರೋ ಕರೆದ ಹಾಗೆ ತಿರುಗಿ ತಿರುಗಿ ನೋಡ್ತೀಯಲ್ಲೇ, ಏನಾಗಿದೆ ನಿನಗೆ?” ಎಂದು ಅತ್ತಿಗೆ ಕೇಳಿದಳು. ಅವಳು ಏನೂ ಇಲ್ಲ ಎಂದಳು. ಊಟದ ತಟ್ಟೆಯಲ್ಲಿ ಕೈ ಆಡಿಸಿ ಎದ್ದಳು.

ಅವಳನ್ನು ಕಾಡುತ್ತಿದ್ದುದು ಅವರು ಮೋಸ ಮಾಡಿದರು ಎಂಬುದಲ್ಲ. ಬೇರೆಯದೇ ಒಂದಿತ್ತು. ಮೂರು ದಿನ ತಡೆದುಕೊಂಡಳು, ನಾಲ್ಕನೇ ದಿನ ಬೀರು ತೆಗೆದು ಗಂಟಕ್ಕನ ಕೊನೆಯ ಪರೀಕ್ಷೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಪೆನ್ಸಿಲಿನ ಎರಡು ಚುಕ್ಕೆ, ರಬ್ಬರಿನಲ್ಲಿ ಉಜ್ಜಿ ಅಳಿಸಿದ್ದವು. ಆದರೂ ಕಾಗದ ತಗ್ಗಾಗಿತ್ತು.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಮೂಗು ತುರಿಸಿತೆಂದು ಕೈ ಎತ್ತಿದ್ದಳು. ಭುಜ ಏರಿತ್ತು. ಗುಂಡಿ ಒತ್ತಿರಲಿಲ್ಲ. ಗಾಜಿನ ಆಚೆ ಗಂಟಕ್ಕ ಬೆರಳೆತ್ತಿದ್ದಳು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಹಾಗೇ ಆಯಿತು. ಸದ್ದಿಲ್ಲದೆ ಬೆರಳೆತ್ತಿದರೆ ಚುಕ್ಕೆ ಇಡಬೇಕು, ಎರಡು ಚುಕ್ಕೆಯಾದರೆ ಪರೀಕ್ಷೆ ಮತ್ತೆ ಮಾಡಬೇಕು. ಹತ್ತೊಂಬತ್ತು ವರ್ಷ ಅವಳೇ ಎಲ್ಲರಿಗೂ ಹೇಳಿಕೊಟ್ಟ ಪಾಠ. ಆದರೆ ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು, ಗಂಟಕ್ಕ ಮುಗುಳ್ನಗುತ್ತಿದ್ದಳು, ಅಂಕಿ ಅಷ್ಟು ಚೆನ್ನಾಗಿ ಬರುತ್ತಿತ್ತು. ಪಾಪ, ಉತ್ಸಾಹ ಜಾಸ್ತಿ ಎಂದುಕೊಂಡು ರಬ್ಬರು ಎತ್ತಿಕೊಂಡಿದ್ದಳು.

ಅವಳು ಹಾಳೆಯನ್ನು ಮಡಚದೆ ಹಾಗೇ ಚೀಲಕ್ಕೆ ಹಾಕಿಕೊಂಡು ಓಣಿಗೆ ಹೋದಳು. ಟೈಲರಿಗೆ ತೋರಿಸಿದಳು. ಚುಕ್ಕೆ ಎಂದರೇನು, ಅಳಿಸಿದ್ದು ಯಾರು, ಎಲ್ಲ ಹೇಳಿದಳು. ಮಿಷನ್ ಬಂದ್ ಇದ್ದಾಗಲೂ ತನಗೆ ಆ ಸದ್ದು ಕೇಳುವುದನ್ನೂ ಬಚ್ಚಿಡಲಿಲ್ಲ.

ಮಗಳು ಹಾಳೆಯ ಮೇಲೆ ಬೆರಳಾಡಿಸಿ ತಗ್ಗನ್ನು ಮುಟ್ಟಿ ನೋಡಿದಳು. “ಅವತ್ತು ಮತ್ತೆ ಪರೀಕ್ಷೆ ಮಾಡಿದ್ದರೆ ಅಮ್ಮನ ಕೆಲಸ ಹೋಗ್ತಿತ್ತು. ಅಮ್ಮ ಇರ್ತಿದ್ದರು. ನಿಮ್ಮನ್ನ ಬೈಯ್ಕೊಂಡು ಇಲ್ಲೇ ಕೂತಿರ್ತಿದ್ದರು” ಎಂದಳು.

“ಎಲ್ಲರನ್ನೂ ಮತ್ತೆ ಪರೀಕ್ಷೆ ಮಾಡಬೇಕು” ಎಂದಳು ಕಿವಿ ಮೇಡಂ. “ಈ ಸಲ ಪಟ್ಟಿ ಮಿಲ್ಲಿಗೆ ಹೋಗಲ್ಲ.”

“ನಿಮ್ಮ ಮಾತು ನಂಬೋದು ಹೇಗೆ?”

ಉಪಾಯ ಹೇಳಿದ್ದು ಮಗಳೇ. ಹೆಸರೇ ಬೇಡ. ಅವಳ ಹತ್ತಿರ ಒಂದು ಡಬ್ಬಿ ತುಂಬ ಅಂಗಿಯ ಗುಂಡಿಗಳಿದ್ದವು, ಜೋಡಿ ಜೋಡಿ. ಬಂದವರು ಒಂದು ಗುಂಡಿ ತಾವಿಟ್ಟುಕೊಳ್ಳುವುದು, ಅದರ ಜೋಡಿಯನ್ನು ಹಾಳೆಗೆ ಹೊಲಿಯುವುದು. ಯಾರ ಹಾಳೆ ಯಾವುದು ಎಂದು ಗುಂಡಿ ಇಟ್ಟುಕೊಂಡವರಿಗೆ ಮಾತ್ರ ಗೊತ್ತು.

“ಇನ್ನೊಂದು. ಹಿಂದಿನ ಗೇಟಿನಲ್ಲಿ ಲಾರಿ ಹಿಂದಕ್ಕೆ ಬರುವಾಗ ಹೊತ್ತಿ ಆರೋ ದೊಡ್ಡ ದೀಪ ಬೇಕು ಅಂತ ನಿಮ್ಮ ವರದೀಲಿ ಬರೀಬೇಕು. ನಮ್ಮಮ್ಮನ ಕಿವಿ ಹೋಗಿತ್ತು ಮೇಡಂ. ಕಣ್ಣು ಎಷ್ಟು ಚೆನ್ನಾಗಿತ್ತು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಮಿಲ್ಲಿನ ವಾರದ ರಜೆಯ ದಿನಗಳಲ್ಲಿ, ಟೈಲರಿನ ಮುಂದಿನ ಕೋಣೆಯಲ್ಲಿ ಪರೀಕ್ಷೆ ನಡೆಯಿತು. ಮಗ್ಗಗಳು ನಿಂತರೆ ಆ ಓಣಿಯಲ್ಲಿ ಹಬ್ಬುವ ಮೌನವನ್ನು ಅವಳು ಹಿಂದೆ ಕಂಡಿರಲಿಲ್ಲ. ಗಾಜುಗಳು ಗುಂಯ್‌ಗುಡುವುದು ನಿಂತಿತ್ತು, ಆದರೆ ಜನ ಆಗಲೂ ಕೂಗಿಕೂಗಿಯೇ ಮಾತಾಡುತ್ತಿದ್ದರು. ಒಬ್ಬೊಬ್ಬರನ್ನೂ ತನಗೆ ಬೆನ್ನು ಮಾಡಿ ಕೂರಿಸಿದಳು. ಭುಜ ನೋಡುವಂತಿಲ್ಲ. ಮಿಷನ್ನಿನ ಗುಂಡಿ ಒತ್ತಿದಳು. ಎದುರಿಗೆ ಬರೀ ಬೆನ್ನು, ಬೈತಲೆ, ಮಾಸಿದ ಕಾಲರು. ಹೆಚ್ಚಿನವರ ಕೈ ಏಳಲಿಲ್ಲ. ಸದ್ದು ಏರಿಸಿದಳು. ಇನ್ನೂ ಏರಿಸಿದಳು. ಹೆಡ್‌ಫೋನಿನಿಂದ ಹೊರಗೆ ಸೋರಿ ಅವಳಿಗೇ ಕೇಳುವಷ್ಟು.

ಒಬ್ಬ ಹೆಂಗಸು ಹೀಗೆ ಐದು ನಿಮಿಷ ಕೂತಿದ್ದು, ತಿರುಗದೆ, ತಾಳ್ಮೆಯಿಂದಲೇ ಹೇಳಿದಳು: “ಯಾಕೆ ಮೇಡಂ, ಇನ್ನೂ ಶುರು ಮಾಡಲಿಲ್ವಾ?”

ಕಿವಿ ಮೇಡಂ ಮಿಷನ್ನಿನ ಮೇಲಿಂದ ಕೈ ತೆಗೆದಳು. ಬಾಗಿಲ ಹತ್ತಿರ ನಿಂತಿದ್ದ ಟೈಲರು ಅವಳ ಮುಖ ನೋಡಿ ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

ಐವತ್ತೇಳು ಜನ ಬಂದರು. ಮೂವತ್ತೊಂಬತ್ತು ಜನರ ಕಿವಿ ಕೆಟ್ಟಿತ್ತು. ಅವಳ ಹಳೆಯ ಕಡತದ ಪ್ರಕಾರ ಐವತ್ತೇಳೂ ಜನ ಚೆನ್ನಾಗಿದ್ದರು.

ಹದಿನೆಂಟು ಪುಟದ ವರದಿ ಬರೆದಳು. ಒಪ್ಪಂದದ ಆ ಒಂದು ಸಾಲು ಯಾರು ಬರೆದದ್ದು, ಪಟ್ಟಿ ಎಲ್ಲಿಗೆ ಹೋಯಿತು, ಹನ್ನೊಂದು ಜನ ಏನಾದರು, ಜನ ಯಾಕೆ ಕಳ್ಳ ಬೆರಳೆತ್ತಿದರು, ಎರಡು ಚುಕ್ಕೆ ಹೇಗೆ ಅಳಿಸಿಹೋದವು. ನಮ್ಮ ಸಂಶೋಧನೆಯಿಂದ ಈ ಓಣಿಗೆ ಆದ ಅತಿ ದೊಡ್ಡ ಪರಿಣಾಮ ಕೆಲಸಗಾರರು ತಮ್ಮ ಕಾಯಿಲೆ ಮುಚ್ಚಿಡಲು ಕಲಿತದ್ದು ಎಂದು ಬರೆದಳು. ದೀಪದ ಮಾತನ್ನು ಮೊದಲ ಪುಟದಲ್ಲೇ ಹಾಕಿದಳು.

ನಿರ್ದೇಶಕರು ಕೆಟ್ಟವರಲ್ಲ. ತಾಳ್ಮೆಯಿಂದ ಪೂರ್ತಿ ಓದಿದರು. ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದೇನು ಮೌಲ್ಯಮಾಪನವೋ, ತಪ್ಪೊಪ್ಪಿಗೆಯೋ?”

“ಎರಡೂ ಬೇರೆ ಬೇರೆ ಅಂತ ನಾನೂ ಅಂದ್ಕೊಂಡಿದ್ದೆ ಸಾರ್.”

“ಇದು ಹೊರಗೆ ಹೋದರೆ ಇನ್ನು ಯಾವ ಮಿಲ್ಲಿನವರು ನಮಗೆ ಬಾಗಿಲು ತೆಗೀತಾರೆ? ಆ ಚುಕ್ಕೆ ವಿಷಯ ಒಂದನ್ನಾದರೂ ಬಿಡಿ. ನಿಮಗೇ ತೊಂದರೆ, ಅರ್ಥ ಮಾಡ್ಕೊಳ್ಳಿ.”

“ಅದನ್ನ ಬಿಟ್ಟರೆ ಸತ್ತಮೇಲೂ ಗಂಟಕ್ಕನ ಕಿವಿ ಸರಿಯಾಗೇ ಇರುತ್ತೆ ಸಾರ್.”

ನಿರ್ದೇಶಕರು ಮೂರು ವಾರ ವರದಿಯನ್ನು ತಮ್ಮ ಡ್ರಾಯರಿನಲ್ಲಿಟ್ಟುಕೊಂಡರು. ಆ ಮೂರು ವಾರ ಕಾರಿಡಾರಿನಲ್ಲಿ ಅವಳ ಮುಖ ತಪ್ಪಿಸಿ ಓಡಾಡಿದರು. ಆಮೇಲೆ ಒಂದಕ್ಷರ ತೆಗೆಯದೆ ಅನುದಾನ ಕೊಡುವವರಿಗೆ ಕಳಿಸಿದರು. ಜೊತೆಗೆ ತಮ್ಮದೊಂದು ಕಾಗದ ಇಟ್ಟರು, ಲೋಪಕ್ಕೆಲ್ಲ ಆ ವಿಭಾಗವೇ ಹೊಣೆ ಎಂದು. ಪ್ರಶಸ್ತಿ ಬೇರೆಯವರ ಪಾಲಾಯಿತು. ಕೋಣೆಯ ಬೋರ್ಡು ಇಳಿಯಿತು. ಅವಳನ್ನು ಮತ್ತೆ ಪ್ರಯೋಗಾಲಯದ ಮೇಜಿಗೆ, ಮೊದಲಿನ ಹುದ್ದೆಗೇ ಕಳಿಸಿದರು. ಕೈಕೆಳಗೆ ಕಲಿತವರೇ ಈಗ ಮೇಲಧಿಕಾರಿಗಳು. ಅವಳು ದೂರಲಿಲ್ಲ. ಅತ್ತಿಗೆ ಮಾತ್ರ ನಿರ್ದೇಶಕರನ್ನು ಒಂದು ವಾರ ಬಾಯಿಗೆ ಬಂದಂತೆ ಬೈದಳು.

ಹಿಂದಿನ ಗೇಟಿನಲ್ಲಿ ದೀಪ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಹನ್ನೊಂದು ಜನರಲ್ಲಿ ನಾಲ್ವರನ್ನು ಮಿಲ್ಲಿನವರು ಗೋದಾಮಿನ ಕೆಲಸಕ್ಕೆ ವಾಪಸ್ ಕರೆದರು. ಉಳಿದವರಲ್ಲಿ ಇಬ್ಬರು ಊರು ಬಿಟ್ಟಿದ್ದರು, ಮಿಕ್ಕವರು ನಿಮ್ಮ ಸಹವಾಸವೇ ಬೇಡ ಎಂದು ಕೈಮುಗಿದರು.

ವಿಚಾರಣೆಯ ಕಡತವನ್ನು ಮತ್ತೆ ತೆರೆಸಲು ಅವಳೇ ಓಡಾಡಿದಳು. ತಾನು ಸಹಿ ಹಾಕಿದ್ದ ಫಲಿತಾಂಶವೇ ಸುಳ್ಳು ಎಂದು ತಾನೇ ಹೇಳಿಕೆ ಬರೆದುಕೊಟ್ಟಳು. ಗುಮಾಸ್ತರೊಬ್ಬರು, “ನಿಮ್ಮ ಮೇಲೆ ನೀವೇ ದೂರು ಕೊಡ್ತಿದೀರಲ್ಲ ತಾಯಿ, ಇದಕ್ಕೆ ಯಾವ ಫಾರಂ ಕೊಡಲಿ?” ಎಂದು ಕಕ್ಕಾಬಿಕ್ಕಿಯಾಗಿದ್ದರು.

ಎರಡು ವರ್ಷದ ಮೇಲೆ ಒಂದು ಪುಟದ ಕಾಗದ ಬಂತು. ಅವರದೇ ಅಜಾಗರೂಕತೆ ಎಂಬ ಮಾತನ್ನು ತೆಗೆದುಹಾಕಿ, ಶ್ರವಣದೋಷವಿದ್ದ ಕೆಲಸಗಾರರಿಗೆ ಎಚ್ಚರಿಕೆ ಕೊಡುವ ಏರ್ಪಾಡು ಇರಲಿಲ್ಲ ಎಂದು ತಿದ್ದಿದ್ದರು. ಅವಳು ಅದನ್ನು ಹಿಡಿದು ಮಟಮಟ ಮಧ್ಯಾಹ್ನ ಓಣಿಗೆ ಬಂದಳು. ಮಿಲ್ಲು ಓಡುತ್ತಿತ್ತು. ಟೈಲರು ಒಮ್ಮೆ ಓದಿದಳು, ಇನ್ನೊಮ್ಮೆ ಓದಿದಳು.

“ಅಮ್ಮ ಅಜಾಗರೂಕಳಲ್ಲ ಅಂತ ನಮಗೆ ಮೊದಲೇ ಗೊತ್ತಿತ್ತು. ಇವರಿಗೆ ಗೊತ್ತಾಗೋಕೆ ಇಷ್ಟು ದಿನ ಬೇಕಾಯ್ತು” ಎಂದಳು. ಕಾಗದವನ್ನು ಮಡಚಿ ಅಳತೆ ಪುಸ್ತಕದೊಳಗೆ ಇಟ್ಟಳು.

ಆಮೇಲೆ, ಅಷ್ಟು ಹೊತ್ತು ಮನಸ್ಸಿನಲ್ಲಿಟ್ಟುಕೊಂಡಿದ್ದ ಹಾಗೆ ಕೇಳಿದಳು: “ಮೇಡಂ, ನಿಮಗಿನ್ನೂ ಆ ಸದ್ದು ಕೇಳುತ್ತಾ?”

“ಯಾವಾಗಾದರೊಮ್ಮೆ.”

“ಈಗ?”

“ಈಗ ಇಲ್ಲ. ಇಲ್ಲಿ ಮಗ್ಗದ ಗದ್ದಲ ಇದೆಯಲ್ಲ.”

ಮಗಳು ತಲೆಯಾಡಿಸಿ ಹೊಲಿಗೆಗೆ ಕೂತಳು. ಕಾಜ ಹಾಕುವ ಅಂಗಿಗಳ ರಾಶಿ ಬಿದ್ದಿತ್ತು. ಕಿವಿ ಮೇಡಂ ಕೇಳದೆಯೇ ಒಂದನ್ನು ಎತ್ತಿಕೊಂಡು ದಾರದ ತುದಿಗಳನ್ನು ಕತ್ತರಿಸತೊಡಗಿದಳು. ಪಾಳಿ ಬಿಡುವವರೆಗೂ ಇಬ್ಬರೂ ಹಾಗೇ ಕೂತಿದ್ದರು.